ಸೈನ್ ಎಲ್ಲಿ, ಕಾಸ್ ಎಲ್ಲಿ? ಕೋನವನ್ನು ಸೊನ್ನೆ ಮಾಡಿ ನೋಡಿ

ನೀವು ಕೇಳಿರುವ ಲೆಕ್ಕ ಇದು: ಒಬ್ಬರು ಪೂರ್ವಕ್ಕೆ 4 ಕಿ.ಮೀ. ನಡೆಯುತ್ತಾರೆ. ಅಲ್ಲಿಂದ, ಉತ್ತರದಿಂದ ಪೂರ್ವದ ಕಡೆಗೆ 30 ಡಿಗ್ರಿ ವಾಲಿದ ದಿಕ್ಕಿನಲ್ಲಿ 6 ಕಿ.ಮೀ. ಹೋಗುತ್ತಾರೆ. ಹೊರಟ ಜಾಗದಿಂದ ಈಗ ಎಷ್ಟು ದೂರದಲ್ಲಿದ್ದಾರೆ, ಯಾವ ದಿಕ್ಕಿನಲ್ಲಿದ್ದಾರೆ? ನಿಮಗೆ 9.67 ಕಿ.ಮೀ. ಬಂದಿದೆ, ಪುಸ್ತಕದಲ್ಲಿ 8.72 ಇದೆ. "ಅಡ್ಡಕ್ಕೆ ಕಾಸ್, ಮೇಲಕ್ಕೆ ಸೈನ್ ಅಂತಲೇ ಕಲಿತದ್ದು, ಎಲ್ಲಿ ತಪ್ಪಿದೆ?" ಅಂತ ಕೇಳಿದ್ದೀರಿ.

(ಕನ್ನಡದಲ್ಲಿ ಇದೊಂದು ತಲೆನೋವು. ಉತ್ತರ ಅಂದರೆ ದಿಕ್ಕೂ ಹೌದು, ಜವಾಬೂ ಹೌದು. ಇಲ್ಲಿ ಆ ಪದವನ್ನು ದಿಕ್ಕಿಗೆ ಮಾತ್ರ ಬಳಸುತ್ತೇನೆ.)

ತಪ್ಪಿರುವುದು ಆ ಬಾಯಿಪಾಠದಲ್ಲೇ. ಶಾಲೆಯ ಗ್ರಾಫ್‌ನಲ್ಲಿ ಕೋನವನ್ನು ಅಡ್ಡಗೆರೆಯಿಂದ, ಅಂದರೆ ಪೂರ್ವದಿಂದ ಅಳೆಯುತ್ತಾರೆ. ಅಲ್ಲಿ ನೀವು ಕಲಿತದ್ದು ಸರಿ. ದಿಕ್ಕಿನ ಲೆಕ್ಕದಲ್ಲಿ, ಸರ್ವೆ ಕೆಲಸದಲ್ಲಿ, ಕೋನ ಶುರುವಾಗುವುದು ಉತ್ತರದಿಂದ. ಅಳೆಯುವ ಗೆರೆ ಬದಲಾದರೆ ಸೈನ್, ಕಾಸ್ ಕೂಡ ಜಾಗ ಬದಲಾಯಿಸಿಕೊಳ್ಳುತ್ತವೆ. ಕೋನವನ್ನು ಯಾವ ಗೆರೆಯಿಂದ ಅಳೆದಿದ್ದೀರೋ ಆ ಗೆರೆಯ ಕಡೆಯ ಬಾಹುವಿಗೆ ಕಾಸ್, ಎದುರಿನ ಬಾಹುವಿಗೆ ಸೈನ್. ಅಷ್ಟೇ.

ಇದೂ ಮರೆತುಹೋದರೆ ಒಂದು ಉಪಾಯ ಇದೆ. ಕೋನವನ್ನು ಸುಮ್ನೆ ಸೊನ್ನೆ ಮಾಡಿ ನೋಡಿ. 30ರ ಬದಲು 0 ಡಿಗ್ರಿ ಇದ್ದಿದ್ದರೆ ಆ ವ್ಯಕ್ತಿ ನೆಟ್ಟಗೆ ಉತ್ತರಕ್ಕೆ ಹೋಗುತ್ತಿದ್ದರು, ಪೂರ್ವಕ್ಕೆ ಒಂದಡಿಯೂ ಸರಿಯುತ್ತಿರಲಿಲ್ಲ ಅಲ್ವಾ? ಕಾಸ್ 0 ಅಂದರೆ 1, ಸೈನ್ 0 ಅಂದರೆ 0. ಹಾಗಾದರೆ ಉತ್ತರಕ್ಕೆ ಕಾಸ್, ಪೂರ್ವಕ್ಕೆ ಸೈನ್. ಎರಡು ಸೆಕೆಂಡಿನ ಕೆಲಸ.

ಈಗ ನಿಮ್ಮ ಲೆಕ್ಕ. ಪೂರ್ವಕ್ಕೆ ಒಟ್ಟು 4 + 6 × 0.5 = 7 ಕಿ.ಮೀ. ಉತ್ತರಕ್ಕೆ 6 × 0.866 = 5.196 ಕಿ.ಮೀ. ಎರಡರ ವರ್ಗ 49 ಮತ್ತು 27, ಕೂಡಿದರೆ 76. ಅದರ ವರ್ಗಮೂಲ 8.72. ದಿಕ್ಕಿಗೆ, ಪೂರ್ವವನ್ನು ಉತ್ತರದಿಂದ ಭಾಗಿಸಿ: 7 ÷ 5.196 = 1.347. ಟ್ಯಾನ್ ಇಷ್ಟಿರುವ ಕೋನ 53.4 ಡಿಗ್ರಿ. ಅಂದರೆ ಉತ್ತರದಿಂದ ಪೂರ್ವದ ಕಡೆಗೆ 53.4 ಡಿಗ್ರಿ.

ತಾಳೆ ನೋಡಬೇಕಾ? ತಿರುಗಿದ ಜಾಗದಲ್ಲಿ ತ್ರಿಭುಜದ ಒಳಕೋನ 120 ಡಿಗ್ರಿ. ಕೊಸೈನ್ ನಿಯಮ ಹಾಕಿದರೆ 16 + 36 − 2 × 4 × 6 × (−0.5), ಮತ್ತೆ ಅದೇ 76. ತುಂಬಾ ಜನ ಇಲ್ಲಿ 120ರ ಬದಲು 30 ಅಥವಾ 60 ಹಾಕಿ ಕೆಡಿಸಿಕೊಳ್ಳುತ್ತಾರೆ. ಚಿತ್ರ ಬರೆದರೆ ಆ ತಪ್ಪು ಆಗುವುದಿಲ್ಲ.

ಇಷ್ಟು ಖಚಿತವಾಗಿ ಹೇಳುತ್ತಿರುವುದಕ್ಕೆ ಕಾರಣ, ಇದೇ ತಪ್ಪನ್ನು ನಾನು ನೆಲದ ಮೇಲೆ ಮಾಡಿದ್ದೇನೆ. ಸಿವಿಲ್ ಡಿಪ್ಲೊಮಾ ಮುಗಿಸಿ ಒಬ್ಬ ಸರ್ವೆಯರ್ ಹತ್ತಿರ ಕೆಲಸಕ್ಕೆ ಸೇರಿದ್ದೆ. ದೇವನಹಳ್ಳಿ ಕಡೆ ಒಂದು ಲೇಔಟ್‌ಗೆ ಗೂಟ ಹೊಡೆಯುವ ಕೆಲಸ. ಎಕ್ಸೆಲ್ ಶೀಟ್‌ನಲ್ಲಿ ಸೈನ್ ಮತ್ತು ಕಾಸ್ ಅದಲುಬದಲು ಹಾಕಿದ್ದೆ. ಮೊದಲ ಗೆರೆಯ ಬೇರಿಂಗ್ (ಉತ್ತರದಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಅಳೆದ ಕೋನ) ಸರಿಯಾಗಿ 45 ಡಿಗ್ರಿ. ಅಲ್ಲಿ ಸೈನ್ ಕೂಡ 0.707, ಕಾಸ್ ಕೂಡ 0.707. ತಪ್ಪು ಅಡಗಿ ಕೂತಿತು, ನಾನು ಖುಷಿಯಾದೆ. ಎರಡನೇ ಗೆರೆ 10 ಡಿಗ್ರಿ, ಉದ್ದ 60 ಮೀಟರ್. ಉತ್ತರಕ್ಕೆ 59 ಮೀಟರ್, ಪೂರ್ವಕ್ಕೆ ಹತ್ತು ಚಿಲ್ಲರೆ ಹೋಗಬೇಕಿತ್ತು. ನನ್ನ ಗೂಟ ಪಕ್ಕದವರ ದ್ರಾಕ್ಷಿ ತೋಟದೊಳಗೆ ಹೋಗಿ ನಿಂತಿತು. ತೋಟದ ಯಜಮಾನರು ಬೇಲಿ ಹತ್ತಿರ ಬಂದು, "ಏನಪ್ಪಾ, ನನ್ನ ತೋಟಾನೂ ಸೈಟ್ ಮಾಡ್ತೀಯಾ?" ಅಂದರು. ಅವರಿಗೆ ತ್ರಿಕೋನಮಿತಿ ಬೇಕಾಗಿರಲಿಲ್ಲ, ಕಣ್ಣು ಸಾಕಿತ್ತು. 10 ಡಿಗ್ರಿ ಅಂದರೆ ಹೆಚ್ಚುಕಮ್ಮಿ ಉತ್ತರವೇ ಅಂತ ನಾನೂ ಒಮ್ಮೆ ತಲೆ ಎತ್ತಿ ನೋಡಿದ್ದರೆ ಆಗುತ್ತಿತ್ತು.

ಹೀಗೆ ನೆಲಕ್ಕೆ ಇಳಿದು ತಾಳೆ ನೋಡುವ ಅಭ್ಯಾಸ ನಮ್ಮ ಬೆಂಗಳೂರಿನ ಸುತ್ತ ಹಳೆಯದೇ. ಬ್ರಿಟಿಷ್ ಸೇನಾಧಿಕಾರಿ, ಸರ್ವೆಯರ್ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಒಂದು ಗೆರೆಯನ್ನು ಸರಪಳಿ ಹಿಡಿದು ಅಳೆದ. ಅಲ್ಲಿಂದ ಕೋನಗಳನ್ನು ಮಾತ್ರ ಅಳೆಯುತ್ತಾ, ತ್ರಿಭುಜದ ಪಕ್ಕ ತ್ರಿಭುಜ ಕಟ್ಟುತ್ತಾ ಬೆಂಗಳೂರಿನವರೆಗೆ ಬಂದ. ಲೆಕ್ಕ ಸರಿಯಿದೆಯಾ ಅಂತ ಪರೀಕ್ಷಿಸಲು 1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೊಂದು ಗೆರೆ ಅಳೆಸಿದ.

ಮನೆಯಲ್ಲೇ ಅಭ್ಯಾಸ ಮಾಡಲು ಫೋನಿನ ಮ್ಯಾಪ್ ಸಾಕು. ಮೆಜೆಸ್ಟಿಕ್ ಸುಮಾರು 12.98 ಉತ್ತರ, 77.57 ಪೂರ್ವ. ವಿಮಾನ ನಿಲ್ದಾಣ ಸುಮಾರು 13.20, 77.71. ನಮ್ಮ ಊರಿನ ಹತ್ತಿರ ಅಕ್ಷಾಂಶದ ಒಂದು ಡಿಗ್ರಿ ಅಂದರೆ ಸುಮಾರು 110.6 ಕಿ.ಮೀ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುತ್ತವೆ. ಅದಕ್ಕೇ ರೇಖಾಂಶದ ಲೆಕ್ಕದಲ್ಲಿ ಕಾಸ್ 13 (ನಮ್ಮ ಅಕ್ಷಾಂಶ ಸುಮಾರು 13 ಡಿಗ್ರಿ) ಬರುತ್ತದೆ, ಒಂದು ಡಿಗ್ರಿ ಸುಮಾರು 108.5 ಕಿ.ಮೀ. ಆಗುತ್ತದೆ. ಉತ್ತರಕ್ಕೆ 0.22 ಡಿಗ್ರಿ, ಅಂದರೆ 24.3 ಕಿ.ಮೀ. ಪೂರ್ವಕ್ಕೆ 0.14 ಡಿಗ್ರಿ, ಅಂದರೆ 15.2 ಕಿ.ಮೀ. ನೇರ ದೂರ ಸುಮಾರು 28.7 ಕಿ.ಮೀ., ದಿಕ್ಕು ಉತ್ತರದಿಂದ ಪೂರ್ವಕ್ಕೆ 32 ಡಿಗ್ರಿ. ಟ್ಯಾಕ್ಸಿಯವರು ಇದಕ್ಕಿಂತ ಜಾಸ್ತಿ ತೋರಿಸುತ್ತಾರೆ. ಅದು ಅವರ ತಪ್ಪಲ್ಲ, ಹೆಬ್ಬಾಳದ ರಸ್ತೆ ಕಾಗೆ ಹಾರಿದ ಹಾಗೆ ಹೋಗುವುದಿಲ್ಲ.

ಕ್ಯಾಲ್ಕುಲೇಟರ್ ಬಗ್ಗೆ ಎರಡು ಮಾತು. ಸೈನ್ 30 ಒತ್ತಿ. 0.5 ಬರದೆ −0.988 ಬಂದರೆ ಅದು ರೇಡಿಯನ್‌ನಲ್ಲಿದೆ, ಡಿಗ್ರಿಗೆ ಬದಲಾಯಿಸಿ. ಇನ್ನೊಂದು, ಟ್ಯಾನ್‌ನಿಂದ ಕೋನ ತೆಗೆಯುವಾಗ ಅದಕ್ಕೆ ದಕ್ಷಿಣ ಗೊತ್ತಾಗುವುದಿಲ್ಲ. ಉತ್ತರಕ್ಕೆ ಹೋದ ದೂರ ಋಣ ಸಂಖ್ಯೆಯಾಗಿದ್ದರೆ ಬಂದ ಕೋನಕ್ಕೆ 180 ಸೇರಿಸಿ.

ನಿಮ್ಮ ಲೆಕ್ಕದಲ್ಲೇ ಇದನ್ನು ನೋಡಬಹುದು. ಅದೇ ವ್ಯಕ್ತಿ ನೇರವಾಗಿ ವಾಪಸ್ ಬರುವಾಗ ಪೂರ್ವ −7, ಉತ್ತರ −5.196. ಭಾಗಿಸಿದರೆ ಮತ್ತೆ 1.347, ಕ್ಯಾಲ್ಕುಲೇಟರ್ ಮತ್ತೆ 53.4 ಅಂತಲೇ ಹೇಳುತ್ತದೆ. ಅದನ್ನು ನಂಬಿ ಹೊರಟರೆ ಮನೆಯಿಂದ ಇನ್ನೂ ದೂರ ಹೋಗುತ್ತಾರೆ. ಬೇಕಾದ ಬೇರಿಂಗ್ 233.4.