ಎರಡೇ ಸ್ಯಾಡಲ್ ಏಕೆ, ಅವೂ ತುದಿಯಲ್ಲೇಕೆ?

ಪ್ರಶ್ನೆ: ಅಡುಗೆ ಅನಿಲದ ಬಾಟ್ಲಿಂಗ್ ಘಟಕಗಳಲ್ಲಿ ಅಡ್ಡಲಾಗಿ ಮಲಗಿಸಿದ ಬುಲೆಟ್ ಟ್ಯಾಂಕುಗಳು ಎರಡೇ ಸ್ಯಾಡಲ್‌ಗಳ (ತಳವನ್ನು ಅಪ್ಪಿ ಹಿಡಿಯುವ ಬಾಗಿದ ಆಧಾರಗಳ) ಮೇಲೆ ನಿಂತಿರುತ್ತವೆ. ಮೂರು ನಾಲ್ಕು ಆಧಾರ ಕೊಟ್ಟರೆ ಇನ್ನಷ್ಟು ಭದ್ರವಾಗುವುದಿಲ್ಲವೇ? ಇರುವ ಎರಡನ್ನೂ ತುದಿಗಳ ಹತ್ತಿರ ಇಡುವುದೇಕೆ?
– ಒಬ್ಬ ಡಿಪ್ಲೊಮಾ ವಿದ್ಯಾರ್ಥಿ

ಉತ್ತರ: ಆಧಾರ ಎರಡೇ ಇದ್ದಾಗ ಪ್ರತಿಯೊಂದರ ಮೇಲೂ ಎಷ್ಟು ಭಾರ ಬೀಳುತ್ತದೆ ಎಂಬುದು ಸರಳ ಲೆಕ್ಕದಿಂದಲೇ ಖಚಿತವಾಗುತ್ತದೆ. ಮೂರನೆಯದು ಬಂದರೆ, ಒಂದು ಅಡಿಪಾಯ ಕೆಲವೇ ಮಿಲಿಮೀಟರ್ ಕುಸಿದರೂ ಅದು ಹೊರಬೇಕಾದ ಭಾರ ಉಳಿದವುಗಳ ಮೇಲೆ ಬೀಳುತ್ತದೆ. ಯಾವುದಕ್ಕೆ ಎಷ್ಟು ಎಂದು ವಿನ್ಯಾಸಕಾರ ಮೊದಲೇ ಹೇಳಲಾರ.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಸ್ವಾರಸ್ಯಕರವಾದುದು. ಟ್ಯಾಂಕನ್ನು ಬರಿಯ ತೊಲೆ ಎಂದು ಭಾವಿಸಿದರೆ, ಉದ್ದದ ಸುಮಾರು ಐದನೇ ಒಂದು ಭಾಗವನ್ನು ಎರಡೂ ಕಡೆ ಹೊರಚಾಚಿದಾಗ ನಡುವಿನ ಮತ್ತು ಆಧಾರದ ಮೇಲಿನ ಬಾಗುಬಲಗಳು ಸಮವಾಗುತ್ತವೆ. ಆದರೆ ಒಳಗಿನ ಒತ್ತಡದಿಂದ ಶೆಲ್‌ನ (ಟ್ಯಾಂಕಿನ ಕೊಳವೆಯಾಕಾರದ ಗೋಡೆಯ) ಉದ್ದಕ್ಕೆ ಉಂಟಾಗುವ ಸ್ಟ್ರೆಸ್ (ಲೋಹದ ಪ್ರತಿ ಚದರ ಅಳತೆ ಹೊರುವ ಬಲ), ಸುತ್ತಳತೆಯ ದಿಕ್ಕಿನದರ ಅರ್ಧ ಮಾತ್ರ. ದಪ್ಪವನ್ನು ಸುತ್ತಳತೆಯ ದಿಕ್ಕಿನ ಸ್ಟ್ರೆಸ್‌ಗೆ ತಕ್ಕಂತೆ ಕೊಟ್ಟಿರುವುದರಿಂದ, ಉದ್ದದ ದಿಕ್ಕಿನ ಬಾಗುವಿಕೆಯನ್ನು ತಾಳಿಕೊಳ್ಳಲು ಸಾಕಷ್ಟು ಶಕ್ತಿ ಸಾಮಾನ್ಯವಾಗಿ ಉಳಿದೇ ಇರುತ್ತದೆ.

ನಿಜವಾಗಿ ಕಾಡುವ ಜಾಗ ಸ್ಯಾಡಲ್‌ನ ಕೊಂಬು, ಅಂದರೆ ಅದರ ಬಾಗಿದ ಪ್ಲೇಟು ಶೆಲ್‌ನಿಂದ ಬಿಟ್ಟುಕೊಳ್ಳುವ ಮೇಲ್ತುದಿ. ತೆಳುವಾದ ಶೆಲ್ ಅಲ್ಲಿ ಅಗಲಕ್ಕೆ ಅಮುಕಿಕೊಳ್ಳಲು ನೋಡುತ್ತದೆ, ಹಾಗಾಗಿ ಸುತ್ತಳತೆಯ ದಿಕ್ಕಿನ ಬಾಗುವಿಕೆ ಅಲ್ಲಿಯೇ ಅತಿ ಹೆಚ್ಚು. 1951ರಲ್ಲಿ ಅಮೆರಿಕದ ಎಂಜಿನಿಯರ್ ಝಿಕ್ ರೂಪಿಸಿದ, ಇಂದಿಗೂ ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ) ಸಂಹಿತೆಯ ಲೆಕ್ಕಗಳಿಗೆ ತಳಹದಿಯಾಗಿರುವ ವಿಧಾನದಲ್ಲಿ, ಡಿಶ್ ಎಂಡ್‌ನಿಂದ (ಟ್ಯಾಂಕಿನ ತುದಿಯ ಉಬ್ಬಿದ ಮುಚ್ಚಳದಿಂದ) ತ್ರಿಜ್ಯದ ಅರ್ಧದೊಳಗೆ ಸ್ಯಾಡಲ್ ಇದ್ದರೆ ಈ ಬಾಗುಬಲದ ಗುಣಾಂಕವು ದೂರವಿದ್ದಾಗಿನದರ ಕಾಲು ಭಾಗಕ್ಕೆ ಇಳಿಯುತ್ತದೆ. ಡಿಶ್ ಎಂಡ್ ಶೆಲ್ಲನ್ನು ದುಂಡಗೆ ಹಿಡಿದಿಡುವುದೇ ಇದಕ್ಕೆ ಕಾರಣ. 12 ಮೀಟರ್ ಉದ್ದ, 2.4 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ತೊಲೆಯ ಲೆಕ್ಕ ಸ್ಯಾಡಲ್ಲನ್ನು ತುದಿಯಿಂದ ಸುಮಾರು 2.4 ಮೀಟರ್ ಒಳಗಿಡಲು ಹೇಳಿದರೆ, ಕೊಂಬಿನ ಲೆಕ್ಕ 0.6 ಮೀಟರ್ ಒಳಗೇ ಇರಲಿ ಎನ್ನುತ್ತದೆ. ಎರಡನೆಯದನ್ನು ಪಾಲಿಸುವುದೇ ವಿವೇಕ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆ ಇಡಲಾಗದಿದ್ದರೆ ಅಪ್ಪುಗೆಯ ಕೋನವನ್ನು (ಸ್ಯಾಡಲ್ ಶೆಲ್ಲನ್ನು ಸುತ್ತಿ ಹಿಡಿಯುವ ಕೋನವನ್ನು) 120 ಡಿಗ್ರಿಯಿಂದ 150ಕ್ಕೆ ಏರಿಸಿದರೂ ಆ ಗುಣಾಂಕ ಸುಮಾರು ಶೇ. 40ರಷ್ಟು ತಗ್ಗುತ್ತದೆ, ಕೊಂಬನ್ನು ದಾಟಿ ಚಾಚಿದ ವೇರ್ ಪ್ಲೇಟನ್ನು (ಶೆಲ್ ಮತ್ತು ಸ್ಯಾಡಲ್ ನಡುವಿನ ಹೆಚ್ಚುವರಿ ತಗಡನ್ನು) ಶೆಲ್‌ಗೆ ಬೆಸೆಯುವುದೂ ನೆರವಾಗುತ್ತದೆ.

ವಿದ್ಯಾರ್ಥಿಗಳು ಮರೆಯುವ ಎರಡು ಸಂಗತಿಗಳಿವೆ. ದ್ರವ ಅನಿಲದ ತೂಕ ನೀರಿನ ಅರ್ಧದಷ್ಟೇ ಇರುವುದರಿಂದ, ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ವೇಳೆ ಟ್ಯಾಂಕ್ ತುಂಬ ನೀರು ಇರುವ ಸ್ಥಿತಿಗೂ ಸ್ಯಾಡಲ್ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಲೇಬೇಕು. ಇನ್ನೊಂದು, ಉಷ್ಣತೆಯಿಂದಾಗುವ ಹಿಗ್ಗುವಿಕೆ: ಸ್ಯಾಡಲ್‌ಗಳ ನಡುವೆ 10 ಮೀಟರ್ ಅಂತರವಿದ್ದು ಉಷ್ಣತೆ 40 ಡಿಗ್ರಿ ಏರಿದರೆ ಉಕ್ಕು ಸುಮಾರು 5 ಮಿಲಿಮೀಟರ್ ಉದ್ದವಾಗುತ್ತದೆ. ಆದ್ದರಿಂದಲೇ ಒಂದು ಸ್ಯಾಡಲ್ಲನ್ನು ಬಿಗಿಯಾಗಿ ಕಟ್ಟಿ, ಇನ್ನೊಂದರ ಬೋಲ್ಟುಗಳಿಗೆ ಉದ್ದನೆಯ ರಂಧ್ರಗಳನ್ನು ಕೊರೆದು, ಅದು ಜಾರುವಷ್ಟು ಸಡಿಲ ಬಿಟ್ಟಿರುತ್ತಾರೆ.