ಸೋಂಗ್‌ಪ್ಯೋನ್ ಬಿರಿಯುವುದೇಕೆ?

ಪ್ರಶ್ನೆ: ಕೊರಿಯಾದ ಸುಗ್ಗಿ ಹಬ್ಬ ಚುಸೋಕ್‌ಗೆ ಮಾಡುವ ಸೋಂಗ್‌ಪ್ಯೋನ್ ಕಡುಬು ಹಬೆಯಲ್ಲಿ ಬೇಯುವಾಗ ಬಾಯಿ ಬಿಡುತ್ತದೆ, ಏಕೆ? ಇದನ್ನು ಯಾರಿಗೆ ಅರ್ಪಿಸುತ್ತಾರೆ?

ಉತ್ತರ: ಬಹುಪಾಲು ತಪ್ಪು ಹಿಟ್ಟು ಕಲಸುವುದರಲ್ಲೇ ಇರುತ್ತದೆ. ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಅಕ್ಕಿಯಲ್ಲಿ ಇಲ್ಲ. ಕುದಿನೀರು ಬಿದ್ದಾಗ ಪಿಷ್ಟ ಅರೆಬೆಂದು ಅಂಟು ಬರುತ್ತದೆ. ತಣ್ಣೀರಲ್ಲಿ ಕಲಸಿದರೆ ಬಿರುಕು ಬಿಟ್ಟೇ ಬಿಡುತ್ತದೆ. ಅಕ್ಕಿ ನೆನೆಸಿ, ಬಸಿದು, ಒದ್ದೆಯಿರುವಾಗಲೇ ಬೀಸಿದ ಹಿಟ್ಟು 2 ಕಪ್, ಉಪ್ಪು ಅರ್ಧ ಚಮಚ. ಕುದಿನೀರನ್ನು ಚಮಚ ಚಮಚವಾಗಿ ಹಾಕುತ್ತ, ಕಿವಿಯ ಹಾಲೆಯಷ್ಟು ಮೆತ್ತಗಾಗುವವರೆಗೆ ನಾದಿ. ಒಣ ಹಿಟ್ಟಾದರೆ ಹೆಚ್ಚು ನೀರು ಬೇಕು. ನಾದಿದ್ದು ಒಣಗದಂತೆ ಒದ್ದೆ ಬಟ್ಟೆ ಮುಚ್ಚಿಡಿ.

ಹುರಿದು ಕುಟ್ಟಿದ ಎಳ್ಳು, ಸಕ್ಕರೆ, ತುಸುವೇ ಜೇನು ಸೇರಿದರೆ ಹೂರಣ. ಜೇನು ಹೆಚ್ಚಾದರೆ ಅಂಚು ಕೂಡುವುದಿಲ್ಲ. ಅಂಚು ಒತ್ತಿದ ಮೇಲೆ ಮುಷ್ಟಿಯಲ್ಲಿಟ್ಟು ಎರಡು ಮೂರು ಸಲ ಅದುಮಲೇಬೇಕು. ಒಳಗುಳಿದ ಗಾಳಿ ಬಿಸಿಗೆ ಹಿಗ್ಗಿ ಕಡುಬನ್ನು ಒಡೆಯುತ್ತದೆ. ಬೆರಳ ಗುರುತು ಉಳಿದರೆ ಉಳಿಯಲಿ, ಅದೇ ಚಂದ. ಪೈನ್ ಎಲೆ ಹಾಸಿ 20 ನಿಮಿಷ ಬೇಯಿಸಿ. ಘಮವೂ ಬರುತ್ತದೆ, ಒಂದಕ್ಕೊಂದು ಅಂಟುವುದೂ ಇಲ್ಲ. ತೆಗೆದ ಕೂಡಲೇ ತಣ್ಣೀರಲ್ಲಿ ಅದ್ದಿ ಎಳ್ಳೆಣ್ಣೆ ಸವರಿ.

ಚಾಂದ್ರಮಾನದ ಎಂಟನೇ ತಿಂಗಳ 15ನೇ ದಿನ ಬೆಳಿಗ್ಗೆ, ಹೊಸ ಅಕ್ಕಿ, ಹಣ್ಣುಗಳ ಜೊತೆ ಇದನ್ನು ಪೂರ್ವಜರಿಗೆ ಎಡೆಯಿಡುತ್ತಾರೆ. ಈ ವಿಧಿಯೇ ಚಾರ್ಯೆ. ಹಬ್ಬಕ್ಕೆ ಸಮಾಧಿಗಳಿಗೂ ಹೋಗಿ ನಮಸ್ಕರಿಸುವುದುಂಟು.