ಹಳೆಯ ಕಾರಿನ ಅಂಟಿಸಿದ ಗ್ಲಾಸನ್ನು ಮನೆಯಲ್ಲೇ, ಒಡೆಯದೆ ತೆಗೆಯಬಹುದೇ?

ತೆಗೆಯಬಹುದು. ನಾನು ಎರಡು ಸಲ ತೆಗೆದಿದ್ದೇನೆ. ಒಂದು ಇಡಿಯಾಗಿ ಬಂತು, ಇನ್ನೊಂದು ಡಿಕ್ಕಿ ಮೇಲೆ ಕಲ್ಲುಸಕ್ಕರೆ ಸುರಿದ ಹಾಗೆ ಬಿತ್ತು. ಒಡೆದದ್ದೇ ಮೊದಲನೆಯದು, ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ.

ನೀವು ಕೇಳಿದ್ದು 2001ರ ಹೋಂಡಾ ಸಿಟಿಯ ಹಿಂದಿನ ಗ್ಲಾಸಿನ ವಿಷಯ. ಕೆಳಗಿನ ಅಂಚಿಗೆ ತುಕ್ಕು ಹಿಡಿದಿದೆ, ಮಳೆಗೆ ಡಿಕ್ಕಿಯೊಳಗೆ ನೀರು, ತುಕ್ಕು ಕೆರೆದು ನೀವೇ ಸರಿಮಾಡಬೇಕೆಂದಿದ್ದೀರಿ. ನನ್ನದೂ ಅದೇ ಕಾರು, 1998ರಲ್ಲಿ ನಮ್ಮ ದೇಶಕ್ಕೆ ಬಂತಲ್ಲ, ಆ ಮಾದರಿ. ಉಡುಪಿಯ ಉಪ್ಪುಗಾಳಿಗೆ ನಿಮ್ಮದಕ್ಕಿಂತ ಒಂದು ಕೈ ಹೆಚ್ಚೇ ತುಕ್ಕು ತಿಂದಿತ್ತು.

ಯಾರನ್ನು ಕೇಳಿದರೂ ಮೊದಲು ಸಿಗುವ ಸಲಹೆ, "ಒಳಗೆ ಮಲಗಿ ಎರಡು ಕಾಲೂ ಕೊಟ್ಟು ಒತ್ತಿ, ಬರುತ್ತದೆ." ಇದು ಅಂಬಾಸಿಡರ್, ಪದ್ಮಿನಿ ಕಾಲದ ಮಾತು. ಅವುಗಳ ಗ್ಲಾಸು ರಬ್ಬರ್ ಬೀಡಿಂಗಿನಲ್ಲಿ ಕೂತಿರುತ್ತಿತ್ತು, ಬೀಡಿಂಗಿನ ತುಟಿ ಮಡಚಿ ಒತ್ತಿದರೆ ನಿಜಕ್ಕೂ ಬರುತ್ತಿತ್ತು. ಸಿಟಿಯ ಗ್ಲಾಸಿನ ಸುತ್ತ ಕಾಣುವ ರಬ್ಬರ್ ಬರೀ ಅಲಂಕಾರ. ಗ್ಲಾಸನ್ನು ಹಿಡಿದಿರುವುದು ಅದರಡಿಯ ಕಪ್ಪು ಪಾಲಿಯುರೇಥೇನ್ ಅಂಟು. ಆ ಅಂಟು ಒತ್ತಿದರೆ, ಎಳೆದರೆ ಬಿಡುವ ಜಾತಿಯದಲ್ಲ. ಅದನ್ನು ಸುತ್ತಲೂ ಕೊಯ್ಯಲೇಬೇಕು.

ಹಿಂದಿನ ಗ್ಲಾಸಿನದು ಇನ್ನೊಂದು ಗುಣ. ಮುಂದಿನದು ಲ್ಯಾಮಿನೇಟೆಡ್, ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಬಿರುಕು ಬಿಟ್ಟರೂ ಚದುರುವುದಿಲ್ಲ. ಹಿಂದಿನದು ಟಫನ್ಡ್ ಗ್ಲಾಸು. ನಡುವೆ ಗುದ್ದಿದರೆ ಕೈಗೇ ನೋವು, ಅಂಚಿಗೆ ಸ್ಕ್ರೂಡ್ರೈವರ್ ತುದಿ ತಾಗಿದರೆ ಮಾತ್ರ ಇಡೀ ಗ್ಲಾಸು ಪುಡಿ. ನಾನು ಮಾಡಿದ್ದೂ ಅದನ್ನೇ. ಗಿಟಾರ್ ತಂತಿಯಲ್ಲಿ ಕೊಯ್ಯಲು ಹೊರಟೆ, ಐದು ಸಲ ತುಂಡಾಯಿತು. ಕೊನೆಗೆ ಬಲಗಡೆಯ ಮೂಲೆಯಲ್ಲಿ ಮೂರು ಇಂಚು ಉಳಿದಿದ್ದಾಗ ತಾಳ್ಮೆ ಹೋಯಿತು. ಇನ್ನೇನು ಬಂತಲ್ಲ ಎಂದು ಸ್ಕ್ರೂಡ್ರೈವರ್ ತೂರಿಸಿ ಸ್ವಲ್ಪ, ಬಹಳ ಸ್ವಲ್ಪ, ಮೀಟಿದೆ. ಟಪ್! ಸೀಟಿನ ಸಂದಿಯಲ್ಲಿ ಈಗಲೂ ಹರಳು ಸಿಗುತ್ತದೆ ಮಾರಾಯ್ರೆ.

ಬದಲಿ ಗ್ಲಾಸಿಗೆ ಗುಜರಿಗೆ ಹೋದೆ. ಅಲ್ಲಿ ಒಂದು ಸಿಟಿ ನಿಂತಿತ್ತು, "ಬೇಕಾದರೆ ನೀವೇ ತೆಗೆದುಕೊಳ್ಳಿ" ಎಂದರು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ನನ್ನ ತಂತಿ ನೋಡಿ ನಕ್ಕು, ಮಲ್ಪೆಗೆ ಹೋಗಿ ಗಾಳದ ದಾರ ತಗೊಂಡು ಬನ್ನಿ ಎಂದರು. ಪಾರದರ್ಶಕ ನೈಲಾನ್ ಅಲ್ಲ, ಹೆಣೆದ ದಾರ, ದೊಡ್ಡ ಮೀನಿಗೆ ಬಳಸುವಂಥದ್ದು. ಉಕ್ಕಿನ ತಂತಿ ಪೇಂಟನ್ನೂ ಒಳಗಿನ ಪ್ಲಾಸ್ಟಿಕ್ಕನ್ನೂ ಗೀರುತ್ತದೆ, ಇದು ಗೀರುವುದಿಲ್ಲ. ಗ್ಲಾಸ್ ಕೊಯ್ಯುವುದಕ್ಕೆಂದೇ ಮಾರುವ ಹೆಣೆದ ಉಕ್ಕಿನ ವೈರ್ ಸಿಕ್ಕಿದರೆ ಅದೂ ಆಗುತ್ತದೆ, ಪೇಂಟಿಗೆ ದಪ್ಪ ಟೇಪ್ ಹಚ್ಚಿಕೊಳ್ಳಬೇಕು ಅಷ್ಟೆ.

ಮೊದಲು ಹಿಂದಿನ ಸೀಟು, ಸ್ಪೀಕರ್ ಕೂತಿರುವ ಹಲಗೆ, ಎರಡೂ ಬದಿಯ ಪ್ಲಾಸ್ಟಿಕ್ ಬಿಚ್ಚಿ. ಡಿಫಾಗರ್ (ಗ್ಲಾಸಿನ ಮಂಜು ಹೋಗಿಸುವ ಬಿಸಿ ಗೆರೆಗಳು) ಇದ್ದರೆ ಅದರ ವೈರು ಮೆಲ್ಲಗೆ ಕಳಚಿ, ವೈರು ಸಿಕ್ಕಿಸುವ ಗ್ಲಾಸಿನ ಮೇಲಿನ ಲೋಹದ ತುಣುಕು ಕಿತ್ತು ಬಂದರೆ ಮತ್ತೆ ಕೂರಿಸುವುದು ರಗಳೆ. ಹೊರಗಿನ ರಬ್ಬರ್ ಪಟ್ಟಿ ಹೇಗೂ ಹರಿಯುತ್ತದೆ, ಅದರ ಆಸೆ ಬಿಡಿ. ಕನ್ನಡಕ, ದಪ್ಪ ಕೈಗವಸು, ಉದ್ದ ತೋಳಿನ ಅಂಗಿ ಬೇಕೇ ಬೇಕು.

ಇನ್ನು ದಬ್ಬಣ. ಗೋಣಿ ಹೊಲಿಯುವ ಸಾಮಾನ್ಯ ದಬ್ಬಣವೇ ಸಾಕು. ಬದಿಯ ಅಂಚಿನ ಮಧ್ಯದಲ್ಲಿ, ಮೂಲೆಯಲ್ಲಿ ಅಲ್ಲ, ಒಳಗಿನಿಂದ ಅಂಟಿಗೆ ಚುಚ್ಚಿ ಹೊರಗೆ ಬರಿಸಿ, ಕಣ್ಣಿಗೆ ದಾರ ಪೋಣಿಸಿ ಎಳೆದುಕೊಳ್ಳಿ. ದಾರದ ಎರಡೂ ತುದಿಗೆ ಕೋಲಿನ ತುಂಡು ಸುತ್ತಿದರೆ ಹಿಡಿ ಆಯಿತು. ಒಬ್ಬರು ಒಳಗೆ, ಒಬ್ಬರು ಹೊರಗೆ. ನನಗೆ ಒಳಗಿದ್ದವಳು ತಂಗಿ. ನಾನು ಎಳೆದಾಗ ಅವಳು ಸಡಿಲ, ಅವಳು ಎಳೆದಾಗ ನಾನು ಸಡಿಲ, ಗರಗಸದ ಹಾಗೆ. ಎಳೆತ ಉದ್ದುದ್ದ ಇರಲಿ. ಒಂದೇ ಗೇಣಿನಲ್ಲಿ ಉಜ್ಜುತ್ತಿದ್ದರೆ ದಾರ ಬಿಸಿಯಾಗಿ ಕರಗಿ ತುಂಡಾಗುತ್ತದೆ. ಸೋಪಿನ ನೀರು ಚಿಮುಕಿಸುತ್ತಿರಿ. ದಾರ ಗ್ಲಾಸಿಗೆ ಒರಗಿಯೇ ಓಡಬೇಕು. ಕೆಲವು ಕಡೆ ಅಂಟಿನೊಳಗೆ ಪ್ಲಾಸ್ಟಿಕ್ ಕ್ಲಿಪ್ಪು ಸಿಗಬಹುದು, ಅಲ್ಲಿ ಜಗ್ಗಬೇಡಿ, ದಾರ ಹೊರಗೆ ತೆಗೆದು ಆಚೆಗೆ ಹೊಸ ತೂತು ಮಾಡಿ. ಬಿಸಿಲಿಗೆ ಕಾದ ಕಾರಿನಲ್ಲಿ ಅಂಟು ತುಸು ಮೆತ್ತಗಿರುತ್ತದೆ, ಅಷ್ಟು ಬಿಸಿ ಸಾಕು, ಬ್ಲೋ ಟಾರ್ಚ್ ಹತ್ತಿರ ತರಬೇಡಿ.

ಸುಮಾರು ಒಂದೂವರೆ ಗಂಟೆಯಲ್ಲಿ ಸುತ್ತು ಮುಗಿಯಿತು. ಆಗ ಗ್ಲಾಸು ತಾನಾಗಿಯೇ ಅಲುಗುತ್ತದೆ. ಅಲುಗದಿದ್ದರೆ ಎಲ್ಲೋ ಉಳಿದಿದೆ ಎಂದೇ ಅರ್ಥ, ಸ್ಕ್ರೂಡ್ರೈವರ್ ಮುಟ್ಟದೆ ಮತ್ತೊಮ್ಮೆ ದಾರ ಓಡಿಸಿ. ಇಬ್ಬರೂ ಎತ್ತಿ, ಹಳೆ ಕಂಬಳಿ ಮಡಚಿ ಅದರ ಮೇಲೆ ಗೋಡೆಗೆ ಒರಗಿಸಿಡಿ. ಅಂಚು ಸಿಮೆಂಟ್ ನೆಲಕ್ಕೆ ತಾಗಿದರೆ ಪಟ್ಟ ಪಾಡೆಲ್ಲ ಅಲ್ಲಿಗೇ ಮುಗಿಯಿತು.

ಕಾರಿನ ಚೌಕಟ್ಟಿನಲ್ಲಿ ಗಟ್ಟಿಯಾಗಿ ಉಳಿದ ಹಳೆ ಅಂಟನ್ನು ಪೂರ್ತಿ ಕೆರೆಯಬೇಡಿ. ಸುಮಾರು 2 ಮಿಲಿಮೀಟರ್ ದಪ್ಪ ಬಿಟ್ಟು ಸಮ ಮಾಡಿದರೆ ಹೊಸ ಅಂಟು ಅದಕ್ಕೇ ಚೆನ್ನಾಗಿ ಹಿಡಿಯುತ್ತದೆ. ತುಕ್ಕು ಇರುವಲ್ಲಿ ಮಾತ್ರ ಲೋಹ ಕಾಣುವ ತನಕ ಕೆರೆದು ಪ್ರೈಮರ್ ಹಚ್ಚಬೇಕು. ನನ್ನ ಕಾರಿನಲ್ಲಿ ತುಕ್ಕು ಅಷ್ಟು ಆಳಕ್ಕೆ ಇಳಿದದ್ದಕ್ಕೆ ಕಾರಣವೂ ಆಗ ಗೊತ್ತಾಯಿತು: ಹಿಂದೆ ಯಾರೋ ನೀರು ನಿಲ್ಲಿಸಲು ಸಂದಿಗೆ ಸಿಲಿಕೋನ್ ತುಂಬಿದ್ದರು. ವಿನೆಗರ್ ವಾಸನೆ ಬರುವ ಸಿಲಿಕೋನಿನಲ್ಲಿ ಅಸಿಟಿಕ್ ಆಮ್ಲ ಹೊರಬರುತ್ತದೆ, ತುಕ್ಕಿಗೆ ಅದು ಹಬ್ಬದೂಟ. ಸಾಲದ್ದಕ್ಕೆ ಸಿಲಿಕೋನ್ ತಾಗಿದ ಕಡೆ ಪಾಲಿಯುರೇಥೇನ್ ಅಂಟು ಹಿಡಿಯುವುದೂ ಇಲ್ಲ.

ಮತ್ತೆ ಕೂರಿಸುವುದನ್ನು ನಾನು ಗ್ಲಾಸ್ ಕೆಲಸದವರಿಗೇ ಬಿಟ್ಟೆ. ನಿಮಗೂ ಅದನ್ನೇ ಹೇಳುತ್ತೇನೆ, ಮುಂದಿನ ಗ್ಲಾಸಾದರೆ ಒತ್ತಾಯಿಸಿ ಹೇಳುತ್ತೇನೆ, ಯಾಕೆಂದರೆ ಕಾರು ಮಗುಚಿದಾಗ ಮಾಡು ಕುಸಿಯದಂತೆ ತಡೆಯುವುದರಲ್ಲಿ ಅದರದೂ ಪಾಲಿದೆ. ಈ ಅಂಟು ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ಕರಾವಳಿಯ ಒದ್ದೆ ಹವೆಯಿಂದ ಕಾರಿಗೆ ಉಪಕಾರ ಆಗುವುದಿದ್ದರೆ ಇದೊಂದೇ. ಕೂರಿಸಿದ ದಿನ ಕಿಟಕಿ ಸ್ವಲ್ಪ ಇಳಿಸಿಯೇ ಇಡಿ. ಎಲ್ಲ ಮುಚ್ಚಿ ಬಾಗಿಲು ಧಡ್ ಎಂದು ಹಾಕಿದರೆ ಒಳಗಿನ ಗಾಳಿ ಹಸಿ ಅಂಟಿನ ಮೇಲಿರುವ ಗ್ಲಾಸನ್ನು ಹೊರಕ್ಕೆ ದೂಡುತ್ತದೆ.

ಮತ್ತೆ, ಮಾರ್ಚ್ ಒಳಗೆ ಶುರುಮಾಡಿ. ನಾನು ಕೈಹಾಕಿದ್ದು ಮೇ ಕೊನೆಯ ವಾರ. ಗ್ಲಾಸು ಪುಡಿಯಾದ ಮೂರನೇ ದಿನಕ್ಕೆ ಮಳೆ ಹಿಡಿಯಿತು, ಅಡಿಕೆಗೆ ಹೊದಿಸುವ ಟಾರ್ಪಾಲು ಹದಿನೈದು ದಿನ ಕಾರಿನ ಮೇಲಿತ್ತು.